ಸಣ್ಣ ಕಾರಿಗೆ ಹೊಸ ಗೇರ್ ನಾಬ್: ಹುಬ್ಬಳ್ಳಿ-ಧಾರವಾಡದಾಗ ಯಾವುದು ತಗೋಬೇಕು?

"ಗೇರ್ ಭಾಳ ಬಿಗಿ ಬರಾಕತ್ತಾವ್ರಿ, ಒಂದು ಚಲೋ ನಾಬ್ ಹಾಕಿಸಿದ್ರ ಹಗುರ ಆಗ್ತದೇನ್ರಿ?" ಎಂದು, ಗೇರ್ ರಾಡಿನ ತುದಿಯಲ್ಲಿ ಕೈ ಹಿಡಿಯುವ ಗುಂಡನ್ನು (ನಾಬ್) ತೋರಿಸಿ ಕೇಳುವವರಿದ್ದಾರೆ. ಆಗುವುದಿಲ್ಲ. ಕ್ಲಚ್ ಪೂರ್ತಿ ಬಿಡದಿದ್ದರೆ, ಗೇರ್ ಕೇಬಲ್ ಒಣಗಿದ್ದರೆ, ರಾಡನ್ನು ಗೇರ್‌ಬಾಕ್ಸಿಗೆ ಜೋಡಿಸುವ ಲಿಂಕೇಜಿನ ಬುಶ್ (ನಡುವೆ ಕೂರುವ ಸಣ್ಣ ಕೊಳವೆ) ಸವೆದಿದ್ದರೆ, ಗೇರ್ ಆಯಿಲ್ ಬದಲಿಸಿ ಯಾವ ಕಾಲವೋ ಆಗಿದ್ದರೆ ಗೇರ್ ಬಿಗಿಯಾಗುತ್ತದೆ. ಅದಕ್ಕೆ ಬೇಕಾದವನು ಮಿಸ್ತ್ರಿ, ನಾಬ್ ಅಲ್ಲ. ನಾಬ್ ಬದಲಿಸಲು ನ್ಯಾಯವಾದ ಕಾರಣಗಳು ಬೇರೆ ಇವೆ: ಹಳೆಯದರ ಮೇಲಿನ ಪದರ ಸುಲಿದು ಕೈಗೆ ಅಂಟುತ್ತಿದೆ, ತಲೆಯ ಮೇಲಿನ ಗೇರ್ ನಕ್ಷೆ ಅಳಿಸಿಹೋಗಿದೆ, ಆಕಾರ ನಿಮ್ಮ ಅಂಗೈಗೆ ಒಗ್ಗುತ್ತಿಲ್ಲ, ಇಲ್ಲವೇ ಸುಮ್ಮನೆ ಚಂದ ಕಾಣಲಿ ಎಂಬ ಆಸೆ. ಕೊನೆಯದೂ ನ್ಯಾಯವಾದದ್ದೇ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇರುವ ಇಪ್ಪತ್ತು ಕಿಲೋಮೀಟರಿನಲ್ಲಿ, ಅವಳಿ ನಗರದ ಚಿಗರಿ ಬಸ್ಸಿಗೇ ಮೀಸಲಾದ ಹಾದಿಯ ಪಕ್ಕದ ಸಿಗ್ನಲ್ಲುಗಳಲ್ಲಿ ನಿಂತು ಹೊರಟು, ನಿಂತು ಹೊರಟು, ಸ್ಟೀರಿಂಗ್ ಬಿಟ್ಟರೆ ಕೈ ಹೆಚ್ಚು ಮುಟ್ಟುವುದು ಅದನ್ನೇ.

ಅಂಗಡಿಯಲ್ಲಿ ಕಾಣುವುದನ್ನೆಲ್ಲ ಬಣ್ಣ, ಹೊಳಪು ಬಿಟ್ಟು ನೋಡಿದರೆ ಬಗೆ ಐದೇ. ಕಂಪನಿಯ ನಾಬ್, ಅದರಲ್ಲೂ ನಿಮ್ಮದೇ ಮಾದರಿಯ ಮೇಲಿನ ವೇರಿಯಂಟಿನದು. ಇದ್ದ ನಾಬಿಗೇ ಹೊಸ ತೊಗಲು ಹೊಲಿಸುವುದು. ಬುಡದಲ್ಲಿ ಸಣ್ಣ ಸ್ಕ್ರೂಗಳಿರುವ ಯೂನಿವರ್ಸಲ್. ನಿಮ್ಮ ಗಾಡಿಯ ರಾಡಿನ ಥ್ರೆಡ್ಡಿಗೇ (ಸ್ಕ್ರೂವಿನಂಥ ಸುತ್ತು ಗೆರೆ) ಮಾಡಿದ ಲೋಹದ್ದೋ ಗಟ್ಟಿ ಪ್ಲಾಸ್ಟಿಕ್ಕಿನದೋ. ಮತ್ತೆ ಕಟ್ಟಿಗೆಯದು. ನನ್ನನ್ನು ಕೇಳಿದರೆ ಬಹಳ ಮಂದಿಗೆ ಮೊದಲೆರಡರಲ್ಲೇ ಕೆಲಸ ಮುಗಿಯುತ್ತದೆ. ಆದರೆ ಜನ ಕೊಳ್ಳುವುದು ಮೂರನೆಯದನ್ನು, ಯಾಕೆಂದರೆ ಅಂಗಡಿಯ ಗೋಡೆಗೆ ತೂಗುಹಾಕಿರುವುದು ಅದೇ.

ಮೊದಲು ರಾಡ್ ನೋಡಿ, ಆಮೇಲೆ ನಾಬ್

ನಾಬ್ ಆರಿಸುವಾಗ ಬಣ್ಣ, ಆಕಾರ, ಬೆಲೆ ಮೂರೂ ಎರಡನೆಯ ಮಾತು. ಮೊದಲ ಮಾತು ಒಂದೇ: ಗೇರ್ ರಾಡಿನ ಮೇಲೆ ಅದು ಹೇಗೆ ಕೂಡುತ್ತದೆ?

ಎಂಜಿನ್ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು, ರಾಡಿನ ಬುಡ ಮುಚ್ಚುವ ರೆಕ್ಸಿನ್ ಚೀಲ, ಅಂದರೆ ಬೂಟನ್ನು ಮೆಲ್ಲಗೆ ಕೆಳಗೆ ಸರಿಸಿ. ಒಂದು ಕೈಯಲ್ಲಿ ರಾಡ್ ಹಿಡಿದು ಇನ್ನೊಂದರಲ್ಲಿ ನಾಬನ್ನು ಎಡಕ್ಕೆ ತಿರುವಿ. ತಿರುಗುತ್ತಾ ಮೇಲೆ ಬಂದರೆ ನಿಮ್ಮದು ಥ್ರೆಡ್ಡಿನ ರಾಡ್, ಅದೃಷ್ಟವಂತರು. ತಿರುಗದಿದ್ದರೆ ಒತ್ತಿ ಕೂರಿಸಿದ್ದು, ಗಮ್ ಹಾಕಿದ್ದು ಅಥವಾ ಕ್ಲಿಪ್ಪಿನದು. ಫೋಕ್ಸ್‌ವ್ಯಾಗನ್ ಪೋಲೋದಲ್ಲಿ ನಾಬ್ ಮತ್ತು ಬೂಟ್ ಒಂದಕ್ಕೊಂದು ಸೇರಿಕೊಂಡೇ ಬರುತ್ತವೆ, ಒಳಗೆ ಒಂದು ಲೋಹದ ಕ್ಲಾಂಪ್ ಅದನ್ನು ನುಣುಪಾದ ರಾಡಿಗೆ ಬಿಗಿದಿರುತ್ತದೆ. ಇಂಥ ಗಾಡಿಗಳಲ್ಲಿ ನಾಬಿನ ಮೇಲೆ ಬಾಗಿಕೊಂಡು ಎರಡೂ ಕೈಯಿಂದ ಜಗ್ಗಬೇಡಿ. ಅದು ಬಿಟ್ಟುಕೊಂಡಾಗ ನೇರ ಬರುವುದು ಗದ್ದಕ್ಕೆ.

ಥ್ರೆಡ್ ಇದ್ದರೆ ಅಳತೆ ತೆಗೆಯುವುದು ಸುಲಭ. ಕಾರುಗಳಲ್ಲಿ ಹೆಚ್ಚಾಗಿ ಸಿಗುವುದು 8, 10, 12 ಎಂಎಂ ದಪ್ಪದ ರಾಡ್, 1.25 ಅಥವಾ 1.5 ಎಂಎಂ ಪಿಚ್, ಅಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ದೂರ. ದಪ್ಪವನ್ನು ವರ್ನಿಯರ್ ಎಂಬ ಅಳತೆಯ ಸಾಧನ ಹೇಳುತ್ತದೆ. ಪಿಚ್ ಕಾಣಲು ಥ್ರೆಡ್ಡಿನ ಪಕ್ಕ ಸ್ಕೇಲ್ ಇಟ್ಟು ಹತ್ತು ಸುತ್ತು ಎಣಿಸಿ: ಹನ್ನೆರಡೂವರೆ ಎಂಎಂ ಬಂದರೆ 1.25, ಹದಿನೈದು ಬಂದರೆ 1.5. ಇಷ್ಟು ತಾಳ್ಮೆ ಇಲ್ಲದವರು ಗಾಡಿಯನ್ನೇ ಒಯ್ದು ಆಟೋಮೊಬೈಲ್ ನಟ್-ಬೋಲ್ಟ್ ಅಂಗಡಿಯ ಮುಂದೆ ನಿಲ್ಲಿಸಿ, ನಾಲ್ಕಾರು ನಟ್ ತಂದು ಬೆರಳಿನಿಂದ ತಿರುವಿ ನೋಡಲಿ. ಒಂದೇ ಎಚ್ಚರ. ಸಾದಾ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡುವ ಹತ್ತರ ನಟ್ 1.5 ಪಿಚ್ಚಿನದು. 1.25 ಪಿಚ್ಚಿನ ರಾಡಿಗೆ ಅದು ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಅಲ್ಲಿಗೇ ವಾಪಸ್ ತಿರುವಿ. ಪಾನಾ ಹಾಕಿ ಬಿಗಿದರೆ ಹಾಳಾಗುವುದು ನಟ್ ಅಲ್ಲ, ರಾಡ್. ನಾಬ್ ಹೋದರೆ ಕೆಲವು ನೂರು ರೂಪಾಯಿ, ರಾಡ್ ಹೋದರೆ ಸೀಟುಗಳ ನಡುವಿನ ಇಡೀ ಕನ್ಸೋಲ್ ಬಿಚ್ಚಬೇಕು.

ಕಂಪನಿಯ ಹೆಸರು ಹೇಳಿ ನಾಬ್ ಕೇಳುವುದೂ ಅರ್ಧ ಮಾತ್ರ ನಂಬಬಹುದಾದ ದಾರಿ. ಹೋಂಡಾ ಮ್ಯಾನ್ಯುಯಲ್ ಗಾಡಿಗಳದ್ದು ಸಾಮಾನ್ಯವಾಗಿ 10×1.5 (ದಪ್ಪ × ಪಿಚ್), ಟೊಯೊಟಾದ್ದು 12×1.25. ಈ ಲೆಕ್ಕ ಹಿಡಿದು ಗ್ಲಾಂಜಾದವರು ಟೊಯೊಟಾ ನಾಬ್ ತರಿಸಿದರೆ? ಗ್ಲಾಂಜಾ ಮೈಯೆಲ್ಲ ಮಾರುತಿಯ ಬಲೆನೋ, ಲಾಂಛನ ಮಾತ್ರ ಟೊಯೊಟಾ. ಬಾನೆಟ್ಟಿನ ಮೇಲಿನ ಗುರುತು ನೋಡಬೇಡಿ, ರಾಡಿನ ಮೇಲಿನ ಥ್ರೆಡ್ ನೋಡಿ. ಆನ್‌ಲೈನಿನಲ್ಲಿ ತರಿಸುವಾಗಲೂ 'ಎಲ್ಲಾ ಮಾರುತಿಗೆ' ಎಂದು ಬರೆದದ್ದನ್ನು ಬಿಟ್ಟು, ಥ್ರೆಡ್ಡಿನ ಅಳತೆ ಬರೆದದ್ದನ್ನು ಮಾತ್ರ ತರಿಸಿ.

ಯೂನಿವರ್ಸಲ್ ಎಂಬ ಆಸೆ

"ಯೂನಿವರ್ಸಲ್ ಐತ್ರಿ ಸರ, ಎಲ್ಲಾ ಗಾಡಿಗೂ ಕೂಡ್ತದ. ಹತ್ತು ಮಿನಿಟಿನ ಕೆಲಸ." ಮಾತು ಸುಳ್ಳಲ್ಲ, ಕೂಡುತ್ತದೆ. ಎಷ್ಟು ದಿನ ಕೂಡುತ್ತದೆ ಎಂಬುದು ಆ ಮಾತಿನಲ್ಲಿ ಇಲ್ಲ.

ಡಬ್ಬಿ ಬಿಚ್ಚಿ ನೋಡಿ. ನಾಬಿನ ಹೊಟ್ಟೆಯಲ್ಲಿ ಥ್ರೆಡ್ ಇಲ್ಲದ ಒಂದು ದೊಡ್ಡ ತೂತು. ಜೊತೆಗೆ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಬೇರೆ ದಪ್ಪದ ಮೂರ್ನಾಲ್ಕು ಪ್ಲಾಸ್ಟಿಕ್ ಬುಶ್, ಬುಡದ ಸುತ್ತ ಕೂರಿಸಲು ಮೂರು ಗ್ರಬ್ ಸ್ಕ್ರೂ (ಪೂರ್ತಿ ಒಳಗೆ ಹೋಗುವ, ತಲೆಯಿಲ್ಲದ ಸಣ್ಣ ಸ್ಕ್ರೂ), ಅವನ್ನು ತಿರುವಲು ಒಂದು ಕಡ್ಡಿಯಷ್ಟು ತೆಳ್ಳನೆಯ ಅಲೆನ್ ಕೀ. ರಾಡಿಗೆ ಹೊಂದುವ ಬುಶ್ ಆರಿಸಿ ಏರಿಸುವುದು, ಮೇಲೆ ನಾಬ್ ಕೂರಿಸುವುದು, ಮೂರೂ ಸ್ಕ್ರೂ ಬಿಗಿಯುವುದು. ಸ್ಕ್ರೂ ಮೊನೆ ಒತ್ತುವುದು ರಾಡನ್ನಲ್ಲ, ಪ್ಲಾಸ್ಟಿಕ್ಕನ್ನು. ಒತ್ತಡದಲ್ಲಿರುವ ಪ್ಲಾಸ್ಟಿಕ್ ದಿನ ಕಳೆದಂತೆ ಮೆಲ್ಲಗೆ ಜರುಗಿ ತಗ್ಗಾಗುತ್ತದೆ, ಬಿಸಿಲಿಗೆ ಇನ್ನೂ ಬೇಗ. ಬಿಸಿಲಿನಲ್ಲಿ ನಿಂತ ಗಾಡಿಯ ಒಳಗೆ ಅದು ಮೆತ್ತಗಾದಾಗ ಸ್ಕ್ರೂ ಬಿಗಿ ಸಡಿಲ. ಮೊದಲು ನಾಬ್ ಒಂದಿಷ್ಟು ಎಡ-ಬಲ ತಿರುಗುತ್ತದೆ, ಗೇರ್ ನಕ್ಷೆ ಓರೆಯಾಗುತ್ತದೆ. ನೀವು ನೇರ ಮಾಡಿ ಮತ್ತೊಂದು ಸುತ್ತು ಬಿಗಿಯುತ್ತೀರಿ. ತೆಳ್ಳನೆಯ ಅಲೆನ್ ಕೀ ಮೂಲೆ ಸವೆದು ಸ್ಕ್ರೂವಿನ ಕೀ ತೂತನ್ನೂ ಸವೆಸುತ್ತದೆ. ಆಮೇಲೆ ಒಂದು ದಿನ ಉಣಕಲ್ ಹತ್ತಿರ ಮೊದಲನೆಯದರಿಂದ ಎರಡನೆಯದಕ್ಕೆ ಎಳೆದಾಗ ಗೇರ್ ಅಲ್ಲೇ, ನಾಬ್ ಕೈಯಲ್ಲಿ. ಹಿಂದಿನವನ ಹಾರ್ನ್ ಕೇಳುತ್ತಾ ನುಣುಪು ರಾಡ್ ಹಿಡಿದು ಗೇರ್ ಹಾಕುವುದು ನಗೆಯ ಮಾತಲ್ಲ.

ರಿವರ್ಸಿಗೆ ಲಿವರನ್ನೇ ಕೆಳಗೆ ಒತ್ತಬೇಕಾದ ಗಾಡಿಗಳಲ್ಲಿ ಇದರ ಪಾಡು ಇನ್ನೂ ಕೆಟ್ಟದ್ದು. ಪೋಲೋ ಅಂಥದ್ದು. ಒತ್ತಿದಾಗಲೆಲ್ಲ ನಾಬ್ ಬುಶ್ ಮೇಲೆ ಒಂದು ಕೂದಲಷ್ಟು ಕೆಳಗೆ ಜಾರುತ್ತದೆ. ಕೊನೆಗೆ ಲಿವರ್ ಇಳಿಯುವುದಿಲ್ಲ, ನಾಬ್ ಮಾತ್ರ ಇಳಿಯುತ್ತದೆ.

ಆದರೂ ಒಂದು ಯೂನಿವರ್ಸಲ್ ನಾಬಿನ ಮೇಲೆ ಮನಸ್ಸು ಬಿದ್ದೇಬಿಟ್ಟಿದೆಯೇ? ಆಗ ಪ್ಲಾಸ್ಟಿಕ್ ಬುಶ್ ಎಸೆದು ಲೇತಿಗೆ, ಅಂದರೆ ಲೋಹ ಕಡೆಯುವ ಯಂತ್ರದವರ ಬಳಿಗೆ, ಹೋಗಿ. ನಮ್ಮ ಕಡೆಯವರಿಗೆ ಇರುವ ಅನುಕೂಲವೇ ಇದು. ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಾಗಲಿ ತಾರಿಹಾಳದಲ್ಲಾಗಲಿ ಸಣ್ಣ ಲೇತ್ ಕೆಲಸ ಮಾಡಿಕೊಡುವವರಿಗೆ ಬರವಿಲ್ಲ, ಗದಗ-ಬೆಟಗೇರಿಯಲ್ಲೂ ಹಾವೇರಿಯಲ್ಲೂ ಹುಡುಕಿದರೆ ಸಿಗುತ್ತಾರೆ. ಅಲ್ಯೂಮಿನಿಯಂ ರಾಡಿನ ಒಂದು ತುಂಡಿನಿಂದ ಬುಶ್ ಮಾಡಿಸಿ: ಹೊರಮೈ ನಾಬಿನ ತೂತಿಗೆ ಬಿಗಿಯಾಗಿ ಕೂಡುವಷ್ಟು, ಒಳಗೆ ನಿಮ್ಮ ಗೇರ್ ರಾಡಿನ ಥ್ರೆಡ್. 10×1.25 ಟ್ಯಾಪ್ ಹೊಡೆಯಲು (ಒಳಗೆ ಥ್ರೆಡ್ ಕೊರೆಯಲು) ಎಂಟು ಮುಕ್ಕಾಲು ಎಂಎಂ ತೂತು, 10×1.5 ಆದರೆ ಎಂಟೂವರೆ, 12×1.25ಕ್ಕೆ ಹತ್ತು ಮುಕ್ಕಾಲು. ಲೇತಿನವನಿಗೆ ಇದು ಗೊತ್ತಿರುತ್ತದೆ, ನಿಮಗೆ ಗೊತ್ತಿದ್ದರೆ ಮಾತು ಬೇಗ ಮುಗಿಯುತ್ತದೆ. ಅಲ್ಯೂಮಿನಿಯಂ ಮೆತ್ತಗಿನ ಲೋಹವಾದ್ದರಿಂದ ಹತ್ತರ ರಾಡ್ ಕನಿಷ್ಠ ಹದಿನೈದು ಎಂಎಂ ಆಳ ಥ್ರೆಡ್ಡಿನಲ್ಲಿ ಕೂತಿರಬೇಕು. ಕೆಳಗೊಂದು ತೆಳು ಚೆಕ್ ನಟ್ ಹಾಕಿಸಿ. ನಾಬ್ ಪೂರ್ತಿ ಬಿಗಿಯಾದಾಗ ನಕ್ಷೆ ಓರೆ ನಿಲ್ಲುವ ಕಿರಿಕಿರಿಗೆ ಇದೇ ಔಷಧ: ನಕ್ಷೆ ನೇರ ಇರುವಲ್ಲಿಗೆ ನಾಬ್ ನಿಲ್ಲಿಸಿ, ಕೆಳಗಿನಿಂದ ನಟ್ ಬಿಗಿಯುವುದು. ಗ್ರಬ್ ಸ್ಕ್ರೂಗಳಿಗೆ, ಸಡಿಲಾಗದಂತೆ ಹಿಡಿಯುವ ಅಂಟಾದ ನೀಲಿ ಲಾಕ್‌ಟೈಟ್ ಒಂದು ಹನಿ. ಕೆಂಪು ಬೇಡ, ಮುಂದೆ ಬಿಚ್ಚಬೇಕಾದಾಗ ಕಾಯಿಸಬೇಕಾಗುತ್ತದೆ.

ತೂಕದ ಮಾತು

ಭಾರದ ನಾಬ್ ಹಾಕಿದರೆ ಗೇರ್ ಬೆಣ್ಣೆಯಂತೆ ಬೀಳುತ್ತದೆ ಎಂದು ಮಾರುವವರು ಹೇಳುತ್ತಾರೆ. ಅದರಲ್ಲಿ ನಿಜದ ಪಾಲಿದೆ. ಚಲಿಸಲು ಹಿಡಿದ ಭಾರ ತನ್ನ ವೇಗವನ್ನು ಬಿಟ್ಟುಕೊಡುವುದಿಲ್ಲ, ಗೇರುಗಳ ವೇಗ ಹೊಂದಿಸುವ ಸಿಂಕ್ರೋ ಒಡ್ಡುವ ಸಣ್ಣ ತಡೆಯನ್ನು ದಾಟಿಕೊಂಡು ಹೋಗುತ್ತದೆ, ಕೈಗೆ ಆ ತಡೆ ಕಡಿಮೆ ತಿಳಿಯುತ್ತದೆ. ಗೇರ್‌ಬಾಕ್ಸ್ ಏನೂ ಸುಧಾರಿಸಿಲ್ಲ, ಕೈಗೆ ಬರುವ ಸುದ್ದಿ ಮೆತ್ತಗಾಗಿದೆ ಅಷ್ಟೇ.

ಎಷ್ಟು ಭಾರ? ಐದು ಸೆಂಟಿಮೀಟರ್ ಅಗಲದ ಗಟ್ಟಿ ಗೋಲಿ ಎಂದು ಲೆಕ್ಕ ಹಿಡಿಯಿರಿ. ಶೀಶಂ ಕಟ್ಟಿಗೆಯದಾದರೆ ಸುಮಾರು 50 ಗ್ರಾಂ. ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಆದರೆ 90ರ ಸುತ್ತ. ಅಲ್ಯೂಮಿನಿಯಂ 175. ಸ್ಟೀಲ್ ಅರ್ಧ ಕಿಲೋ ದಾಟುತ್ತದೆ, ಹಿತ್ತಾಳೆ ಇನ್ನೂ ಸ್ವಲ್ಪ ಹೆಚ್ಚು. ಒಳಗೆ ತೂತು ಕೊರೆದ ಮೇಲೆ ಎಲ್ಲವೂ ಒಂದಿಷ್ಟು ಇಳಿಯುತ್ತವೆ. ಅಂದರೆ ಕಣ್ಣಿಗೆ ಒಂದೇ ಥರ ಕಾಣುವ ಎರಡು ಬೆಳ್ಳಿ ಬಣ್ಣದ ನಾಬುಗಳಲ್ಲಿ ಒಂದು ಇನ್ನೊಂದರ ಮೂರು ಪಟ್ಟು ಭಾರವಿರಬಹುದು. ಕೈಯಲ್ಲಿ ತೂಗಿ ನೋಡದೆ ಕೊಳ್ಳಬೇಡಿ.

ಸ್ಟೀಲಿನ ಅರ್ಧ ಕಿಲೋ ಎಲ್ಲ ಗಾಡಿಗೂ ಹೊಂದುವುದಿಲ್ಲ. ಆಲ್ಟೊ, ಕ್ವಿಡ್, ಪೆಟ್ರೋಲ್ ಟಿಯಾಗೊ ಮೂರು ಸಿಲಿಂಡರಿನವು, 2024ರಲ್ಲಿ ಬಂದ ಸ್ವಿಫ್ಟ್ ಕೂಡ. ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಡುಗುವುದು ತುಸು ಜಾಸ್ತಿ. ಕಂಪನಿಯ ನಾಬಿನ ಒಳಗೆ ಈ ನಡುಕ ನುಂಗಲು ರಬ್ಬರ್ ಇಟ್ಟಿರುವುದುಂಟು. ನೀವು ಅದನ್ನು ತೆಗೆದು ಗಟ್ಟಿ ಲೋಹ ಕೂರಿಸಿದರೆ ಸಿಗ್ನಲ್ಲಿನಲ್ಲಿ ನಿಂತಾಗ ನಡುಕ ನೇರ ಅಂಗೈಗೆ ಬರುತ್ತದೆ, ಕೆಲವು ಗಾಡಿಗಳಲ್ಲಿ ಝಿಂಯ್ ಎಂಬ ಸದ್ದೂ ಬರುತ್ತದೆ. ಇನ್ನೊಂದು, ಗೇರ್ ತನ್ನ ಜಾಗದಲ್ಲಿ ನಿಲ್ಲುವುದು ಒಳಗಿನ ಸ್ಪ್ರಿಂಗ್ ಮತ್ತು ಗುಂಡಿನ ಹಿಡಿತದಿಂದ. ಹಳೆಯ ಗಾಡಿಯಲ್ಲಿ ಆ ಹಿಡಿತ ಸಡಿಲಾಗಿದ್ದರೆ, ರಾಡಿನ ತುದಿಯಲ್ಲಿ ಅರ್ಧ ಕಿಲೋ ತೂಗುತ್ತಿದ್ದರೆ, ತಗ್ಗಿಗೆ ಬಿದ್ದಾಗ ಗೇರ್ ತಾನಾಗಿ ಹೊರಬೀಳಬಹುದು. ಅಂಕೋಲಾ ದಾರಿಯಲ್ಲಿ ಅರಬೈಲ್ ಘಟ್ಟ ಇಳಿಯುವಾಗ ಎರಡನೇ ಗೇರಿನ ಎಂಜಿನ್ ಹಿಡಿತವನ್ನೇ ನಂಬಿ ಇಳಿಯುತ್ತೀರಿ. ಅಲ್ಲಿ ಅದು ನ್ಯೂಟ್ರಲ್ಲಿಗೆ ಜಾರಿದರೆ ಭಾರವೆಲ್ಲ ಬ್ರೇಕಿನ ಮೇಲೆ. ಈಗಾಗಲೇ ಗೇರ್ ಹಾರುವ ಅಭ್ಯಾಸವಿರುವ ಗಾಡಿಗೆ ಭಾರದ ನಾಬ್ ಬೇಡವೇ ಬೇಡ.

ಎತ್ತರದ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಲಿವರ್ ತಿರುಗುವ ಕೀಲಿನಿಂದ ನಾಬಿನ ತಲೆಯವರೆಗೆ ಇಪ್ಪತ್ತೈದು ಸೆಂಟಿಮೀಟರ್ ಇದೆ ಎನ್ನಿ. ಹೊಸ ನಾಬ್ ಎರಡೂವರೆ ಸೆಂಟಿಮೀಟರ್ ಗಿಡ್ಡಾದರೆ ಕೈ ಓಡಾಡುವ ದೂರ ಹತ್ತರಲ್ಲೊಂದು ಪಾಲು ತಗ್ಗುತ್ತದೆ, ಹಾಕಬೇಕಾದ ಬಲ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಹುರುಪಿನ ಹುಡುಗರಿಗೆ ಇದು ಇಷ್ಟ. ಭುಜ ನೋವಿರುವ ಅಪ್ಪಾಜಿ ಅದೇ ಗಾಡಿ ಓಡಿಸುತ್ತಿದ್ದರೆ ಗಿಡ್ಡ ನಾಬ್ ಹಾಕಿಸಬೇಡಿ.

ಬಿಸಿಲು, ಧೂಳು, ಮಿರ್ಚಿಯ ಎಣ್ಣೆ

ಏಪ್ರಿಲ್-ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಉಷ್ಣಾಂಶ 37-38 ಡಿಗ್ರಿಗೆ ಹೋಗುವುದು ಸಾಮಾನ್ಯ, ಗದಗಿನ ಕಡೆ ಬಿಸಿಲು ಇನ್ನೂ ಚುರುಕು. ಗಾಜು ಏರಿಸಿ ದುರ್ಗದಬೈಲಿನ ಸಂತೆ ಮುಗಿಸಿ ಬರುವಷ್ಟರಲ್ಲಿ ಒಳಗಿನದೆಲ್ಲ ಕಾದಿರುತ್ತದೆ. ಪ್ಲಾಸ್ಟಿಕ್ ನಾಬೂ ಅಷ್ಟೇ ಕಾದಿರುತ್ತದೆ, ಆದರೆ ಬಿಸಿಯನ್ನು ಕೈಗೆ ದಾಟಿಸುವುದರಲ್ಲಿ ಅದು ಜಿಪುಣ. ಅಲ್ಯೂಮಿನಿಯಂ ಅದಕ್ಕಿಂತ ನೂರಾರು ಪಟ್ಟು ಧಾರಾಳಿ, ಮುಟ್ಟಿದ ಕ್ಷಣವೇ ಚುರ್ ಎನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಷ್ಟು ಬೇಗ ದಾಟಿಸುವುದಿಲ್ಲ, ಆದರೆ ತೂಕ ಜಾಸ್ತಿಯಾದ್ದರಿಂದ ಎಸಿ ಹಾಕಿದ ಮೇಲೂ ಬಹಳ ಹೊತ್ತು ಆರುವುದಿಲ್ಲ. ಧಾರವಾಡದ ಡಿಸೆಂಬರ್ ಬೆಳಗಿನಲ್ಲಿ ಇದೇ ನಾಬ್ ಐಸ್ ಮುಟ್ಟಿದಂತೆ ಕೊರೆಯುತ್ತದೆ. ನೆರಳಿನ ಶೆಡ್ಡಿನಿಂದ ಆಫೀಸಿನ ನೆಲಮಾಳಿಗೆಗೆ ಹೋಗುವ ಗಾಡಿಯಾದರೆ ಲೋಹ ಹಾಕಿಸಿ. ದಿನವಿಡೀ ಬಯಲಲ್ಲಿ ನಿಲ್ಲುವುದಾದರೆ ಡೆಲ್ರಿನ್ ಒಳ್ಳೆಯದು. ಡೆಲ್ರಿನ್ ನೋಡಲು ಸಪ್ಪೆ ಎಂದು ಮಂದಿ ಮೂಗು ಮುರಿಯುತ್ತಾರೆ. ನನ್ನ ಲೆಕ್ಕದಲ್ಲಿ ಈ ಊರಿನ ಹವೆಗೆ ಅದೇ ಜಾಣ ಆಯ್ಕೆ.

ಪಾರದರ್ಶಕ ಅಕ್ರಿಲಿಕ್ ಗೋಲಿ, ಒಳಗೆ ಹೂವು ಗುಳ್ಳೆ ಇಟ್ಟದ್ದು, ಈಗ ಎಲ್ಲೆಡೆ ಕಾಣುತ್ತದೆ. ಅದರ ಬಗ್ಗೆ ನನಗೆ ದಾಕ್ಷಿಣ್ಯವಿಲ್ಲ: ಬೇಡ. ದುಂಡನೆಯ ಪಾರದರ್ಶಕ ಗೋಲಿ ಭೂತಗನ್ನಡಿಯ ಕೆಲಸ ಮಾಡುತ್ತದೆ. ಮುಂದಿನ ಗಾಜಿನಿಂದ ಬಿಸಿಲು ನೇರ ಬಿದ್ದರೆ ಸೀಟಿನ ಬಟ್ಟೆಯನ್ನೋ ಕನ್ಸೋಲನ್ನೋ ಸುಡಬಲ್ಲದು. ತಲೆಬುರುಡೆ, ಕತ್ತಿಯ ಹಿಡಿ ಮಾದರಿಯವೂ ಬೇಡ. ಜೋರಾಗಿ ಬ್ರೇಕ್ ಹಾಕಿದಾಗ ಪಕ್ಕದ ಸೀಟಿನಿಂದ ಮಗುವೋ ಬ್ಯಾಗೋ ಬಂದು ಬೀಳುವುದು ಅದರ ಮೇಲೆಯೇ. ಅಗ್ಗದ ಕ್ರೋಮ್ ಲೇಪನದ್ದು ಒಂದೆರಡು ಬೇಸಿಗೆ ಕಳೆದರೆ ಚಕ್ಕೆ ಏಳುತ್ತದೆ, ಚಕ್ಕೆಯ ಅಂಚು ಬೆರಳು ಕೊಯ್ಯುತ್ತದೆ. ಗೀರು ಗೀರಾಗಿ ಕೆತ್ತಿದ ಲೋಹದ ನಾಬ್ ಹಿಡಿತಕ್ಕೆ ಚಲೋ, ಆದರೆ ಹುಬ್ಬಳ್ಳಿಯ ಧೂಳು ಮತ್ತು ಬೆವರು ಸೇರಿ ಆ ಗೀರುಗಳಲ್ಲಿ ಕೂತರೆ ಹಳೆಯ ಹಲ್ಲುಜ್ಜುವ ಬ್ರಶ್ ಹಿಡಿದು ಕೂಡಬೇಕು.

ತೊಗಲು ಹೊಲಿಸುವುದು

ನನಗೆ ಹೆಚ್ಚು ಇಷ್ಟವಾದದ್ದು ಇದು. ಇದ್ದ ನಾಬ್, ಇದ್ದ ಥ್ರೆಡ್, ಇದ್ದ ಎತ್ತರ. ಬದಲಾಗುವುದು ಮೈ ಮಾತ್ರ. ಕೂಡುತ್ತದೋ ಇಲ್ಲವೋ ಎಂಬ ಚಿಂತೆಯೇ ಇಲ್ಲ. ಸೀಟ್ ಕವರ್ ಹೊಲಿಯುವವರಲ್ಲಿ ಕೈ ಕುಸುರಿ ಇರುವವರು ಇದನ್ನು ಮಾಡಿಕೊಡುತ್ತಾರೆ.

ಒಳ್ಳೆಯ ಕೆಲಸದ ಗುರುತು ಹೇಳುತ್ತೇನೆ. ಸುಲಿದ ಹಳೆಯ ಪದರವನ್ನು ಪೂರ್ತಿ ತೆಗೆಯಬೇಕು, ಅದರ ಮೇಲೆಯೇ ಹೊದಿಸಿದರೆ ಉಬ್ಬುತ್ತದೆ. ತೆಗೆದ ತುಂಡುಗಳನ್ನೇ ಕಾಗದದ ಮೇಲಿಟ್ಟು ಅಚ್ಚು ತೆಗೆದರೆ ಅಳತೆ ತಪ್ಪುವುದಿಲ್ಲ. ತೊಗಲು ಒಂದು ಎಂಎಂ ದಪ್ಪ ಸಾಕು. "ಚಪ್ಪಲಿ ತೊಗಲು ಐತಿ, ಗಟ್ಟಿ ಬರ್ತದ" ಎಂದರೆ ಒಪ್ಪಬೇಡಿ, ದಪ್ಪ ತೊಗಲು ದುಂಡಿಗೆ ಬಾಗದೆ ಮಡಿಕೆ ಬೀಳುತ್ತದೆ. ಮೇಣ ಸವರಿದ ದಾರ, ಎರಡು ಸೂಜಿ, ಕೈ ಹೊಲಿಗೆ. ಒಂದು ಟಾಕೆ ಕಿತ್ತರೂ ಸಾಲು ಬಿಚ್ಚದಂತೆ ಎರಡು ಕಡೆಯಿಂದಲೂ ದಾರ ಹಾಯಬೇಕು. ಹೊಲಿಗೆಯ ಸಾಲು ಅಂಗೈ ಒತ್ತುವಲ್ಲಿ ಬರಬಾರದು, ಡ್ಯಾಶ್‌ಬೋರ್ಡಿನ ಕಡೆಗೆ ಮುಖ ಮಾಡಿರಲಿ. ತಲೆಯ ಮೇಲಿನ ನಕ್ಷೆಯ ಬಿಲ್ಲೆಯನ್ನು ಬಿಚ್ಚಿ, ಹೊಲಿಗೆ ಮುಗಿದ ಮೇಲೆ ಮತ್ತೆ ಕೂರಿಸಿಕೊಡಲು ಹೇಳಿ. ಅದನ್ನೂ ಸೇರಿಸಿ ಹೊದಿಸಿಬಿಡುವವರಿದ್ದಾರೆ. ರಿವರ್ಸ್ ಯಾವ ಕಡೆ ಎಂದು ನಿಮಗೆ ಗೊತ್ತು, ಮದುವೆ ಮನೆಯಲ್ಲಿ ಗಾಡಿ ಸರಿಸಲು ಕೀಲಿ ಇಸಿದುಕೊಂಡ ಮಾವನ ಮಗನಿಗೆ ಗೊತ್ತಿರಬೇಕಲ್ಲ.

ಬಣ್ಣ ಕಪ್ಪು ಅಥವಾ ಗಾಢ ಕಂದು. ಬಿಳಿ, ಕೆನೆ ಬಣ್ಣದ ತೊಗಲು ಒಂದೇ ಸಂಜೆಯ ಗಿರಮಿಟ್-ಮಿರ್ಚಿಗೆ ಮುಗಿಯಿತು. ರೆಕ್ಸಿನ್ ಅಗ್ಗ, ಆದರೆ ಮೊದಲಿನ ಪದರ ಸುಲಿದದ್ದು ಅದೇ ಕಾರಣಕ್ಕಲ್ಲವೇ? ಇನ್ನು ಹಳೆಯ ನಾಬಿನ ಮೇಲೆ ಸಾಕ್ಸಿನಂತೆ ಏರಿಸುವ ಸಿಲಿಕೋನ್ ಕವರ್ ಬಗ್ಗೆ ಹೇಳಲು ಹೆಚ್ಚಿಲ್ಲ. ಅದು ಕೈಯಲ್ಲಿ ಗಿರ್ರನೆ ತಿರುಗುತ್ತದೆ, ತಿರುಗುವುದನ್ನು ಹಿಡಿದು ಗೇರ್ ಹಾಕಬಾರದು.

ಕಟ್ಟಿಗೆ

ಇದು ಉಪಯೋಗಕ್ಕಿಂತ ಪ್ರೀತಿಯ ಆಯ್ಕೆ. ಕಲಘಟಗಿಯ ಬಣ್ಣದ ತೊಟ್ಟಿಲು ನೋಡಿ ಬೆಳೆದವರಿಗೆ ಅರಗಿನ ಹೊಳಪಿನ ನಾಬ್ ಒಂದು ಬೇಕೆನ್ನಿಸುವುದು ಸಹಜ. ತೇಗವೋ ಶೀಶಮ್ಮೋ ಚೆನ್ನಾಗಿ ಒಣಗಿದ ಕಟ್ಟಿಗೆ ಕಡೆಸಬಹುದು, ಬಿಸಿಲಿಗೂ ಚಳಿಗೂ ಕೈಗೆ ಹಿತ. ಎರಡು ಸಂಗತಿ ಗಮನಿಸಿ. ಕಟ್ಟಿಗೆಯಲ್ಲೇ ಥ್ರೆಡ್ ಕೊರೆಯಬಾರದು, ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗಿ ಥ್ರೆಡ್ ಪುಡಿಯಾಗುತ್ತದೆ. ಒಳಗೆ ಹಿತ್ತಾಳೆಯ ಥ್ರೆಡ್ ಬುಶ್ ಕೂರಿಸಿ ಅಂಟಿಸಬೇಕು. ಎರಡನೆಯದು, ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಹಸಿ ಕೈಯಿಂದ ಹಿಡಿದರೆ ಬೆರಳಚ್ಚು ಕೂತು ಹೊಳಪು ಮಂಕಾಗುತ್ತದೆ. ದಿನಬಳಕೆಯ ಗಾಡಿಗೆ ಅರಗಿನ ಬದಲು ಅಗಸಿ ಎಣ್ಣೆಯನ್ನು ತೆಳ್ಳಗೆ ಸವರಿ, ಒರೆಸಿ, ಚೆನ್ನಾಗಿ ಒಣಗಲು ಬಿಟ್ಟು, ಮತ್ತೊಮ್ಮೆ ಸವರುವುದು ಮೇಲು. ಹೊಳಪು ಮಾತ್ರ ಕಡಿಮೆ.

ರಿವರ್ಸ್ ಉಂಗುರ

ಕೆಲವು ಗಾಡಿಗಳಲ್ಲಿ ರಿವರ್ಸ್ ಹಾಕಲು ನಾಬಿನ ಕೆಳಗಿನ ಉಂಗುರವನ್ನು ಎರಡು ಬೆರಳಿನಿಂದ ಮೇಲೆತ್ತಬೇಕು. ಇವುಗಳ ನಾಬ್ ಬದಲಿಸುವಾಗ ಬರೀ ಥ್ರೆಡ್ ಹೊಂದಿದರೆ ಸಾಲದು. ಹೊಸ ನಾಬಿನ ಬುಡ ಅಗಲವಾಗಿದ್ದರೆ ಉಂಗುರಕ್ಕೆ ಬೆರಳು ಸಿಗುವುದಿಲ್ಲ, ತೀರ ಕೆಳಗೆ ಕೂತರೆ ಉಂಗುರ ಎತ್ತಲು ಜಾಗವೇ ಉಳಿಯುವುದಿಲ್ಲ. ಉಂಗುರ ಅರ್ಧ ಎತ್ತಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರಂತೂ ಅಪಾಯ, ಮೊದಲನೇ ಗೇರಿಗೆ ಹೋಗಬೇಕಾದ ಕೈ ರಿವರ್ಸಿಗೆ ಹೋಗಬಹುದು. ಇಂಥ ಗಾಡಿಯವರು ಹೊರಗಿನ ನಾಬಿನ ಆಸೆ ಬಿಟ್ಟು ಕಂಪನಿಯ ನಾಬ್ ಅಥವಾ ತೊಗಲಿಗೆ ಬನ್ನಿ ಎಂಬುದೇ ನನ್ನ ಮಾತು. ಸರ್ವಿಸ್ ಸೆಂಟರಿನ ಬಿಡಿಭಾಗದ ಕೌಂಟರಿನಲ್ಲಿ ಗಾಡಿಯ ಚಾಸಿ ನಂಬರ್ ಕೊಟ್ಟು, ಮೇಲಿನ ವೇರಿಯಂಟಿನ ತೊಗಲಿನ ನಾಬ್ ಕೂಡುತ್ತದೆಯೇ ಎಂದು ಕೇಳಿ. ಯೂನಿವರ್ಸಲ್‌ಗಿಂತ ದುಬಾರಿ ಬೀಳಬಹುದು, ಆದರೆ ಒಮ್ಮೆ ಕೂತರೆ ಕೂತಂತೆ.

ಆಟೋ ಗೇರ್ ಶಿಫ್ಟ್ (ಕ್ಲಚ್ ಪೆಡಲ್ ಇಲ್ಲದ, ಗೇರ್ ತಾನೇ ಬದಲಾಗುವ) ಗಾಡಿಯವರಿಗೆ ಒಂದೇ ಮಾತು. 2014ರಲ್ಲಿ ಸೆಲೆರಿಯೊ ಜೊತೆಗೆ ಈ ಬಗೆ ನಮ್ಮ ಸಣ್ಣ ಕಾರುಗಳಿಗೆ ಬಂತು. ಅದರ ಲಿವರ್ ಗೇರ್ ಹಾಕುವುದಿಲ್ಲ, ಕಂಪ್ಯೂಟರಿಗೆ ಸನ್ನೆ ಕೊಡುತ್ತದೆ. ಅದನ್ನು ಮುಟ್ಟಬೇಡಿ.

ಆರ್‌ಟಿಒ ಭಯವಿರುವವರಿಗೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುವುದು ಆರ್‌ಸಿಯಲ್ಲಿ ನಮೂದಾದ ವಿವರಗಳು ಬದಲಾಗುವಂಥ ಮಾರ್ಪಾಡನ್ನು. ಗೇರ್ ನಾಬ್ ಆರ್‌ಸಿಯಲ್ಲಿ ಇಲ್ಲ. ವಾರಂಟಿ ಬೇರೆ ಮಾತು. ಹೊಸ ಗಾಡಿಯಲ್ಲಿ ಲಿವರಿನ ತಕರಾರು ಬಂದಾಗ ಸರ್ವಿಸ್ ಸೆಂಟರಿನವರು ಬೆರಳು ತೋರಿಸುವುದು ಹೊರಗಿನ ನಾಬಿನ ಕಡೆಗೇ.

ಯಾರಿಗೆ ಯಾವುದು

ಹತ್ತು ವರ್ಷದ ಹಳೆಯ ಆಲ್ಟೊ, ಮಗ ಗಾಡಿ ಕಲಿಯುತ್ತಿದ್ದಾನೆ: ಕಂಪನಿಯ ಹೊಸ ನಾಬ್, ನಕ್ಷೆ ಸ್ಪಷ್ಟವಾಗಿ ಕಾಣುವಂಥದ್ದು. ದಿನಾ ಹಾವೇರಿ-ಹುಬ್ಬಳ್ಳಿ ಓಡಾಡುವ ಬಾಡಿಗೆ ಗಾಡಿ: ತೊಗಲು ಹೊಲಿಸಿ, ಕಪ್ಪು. ಸ್ವಂತದ ಸ್ವಿಫ್ಟೋ ಜಾಝೋ ಇದ್ದು ಓಡಿಸುವ ಚಟವೂ ಇದ್ದರೆ ಥ್ರೆಡ್ ಅಳೆದು ಡೆಲ್ರಿನ್ ಅಥವಾ ಅಲ್ಯೂಮಿನಿಯಂ. ಸ್ಟೀಲಿನ ಗುಂಡು, ಗೇರ್‌ಬಾಕ್ಸ್ ಗಟ್ಟಿ ಇದ್ದು ಗಾಡಿ ನೆರಳಿನಲ್ಲಿ ನಿಲ್ಲುತ್ತದೆ ಎಂದಾದರೆ ಮಾತ್ರ. ಕಟ್ಟಿಗೆಯದು, ಭಾನುವಾರ ಮಾತ್ರ ಹೊರಬೀಳುವ ಗಾಡಿಗೆ. ಪ್ಲಾಸ್ಟಿಕ್ ಬುಶ್ಶಿನ ಯೂನಿವರ್ಸಲ್ ಯಾರಿಗೂ ಬೇಡ.

ಯಾವುದೇ ಹಾಕಿಸಿದರೂ ಅಂಗಡಿ ಬಿಡುವ ಮುಂಚೆ ಎಂಜಿನ್ ಬಂದ್ ಇಟ್ಟು ಕ್ಲಚ್ ಒತ್ತಿ ಎಲ್ಲ ಗೇರೂ ಹಾಕಿ ನೋಡಿ. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಎಳೆದಾಗ ನಾಬ್ ಹ್ಯಾಂಡ್ ಬ್ರೇಕಿಗೋ ಕಪ್ ಇಡುವ ಜಾಗಕ್ಕೋ ತಾಗಬಾರದು. ಮೊದಲನೆಯದಕ್ಕೂ ಮೂರನೆಯದಕ್ಕೂ ತಳ್ಳಿದಾಗ ಬೆರಳ ಗಂಟು ಎಸಿ ಗುಂಡಿಗಳಿಗೆ ಬಡಿಯಬಾರದು. ನಾಬನ್ನು ನೇರ ಮೇಲಕ್ಕೆ ಜೋರಾಗಿ ಜಗ್ಗಿ, ತಿರುವಿ. ಅಲುಗಿದರೆ ಅಲ್ಲೇ ಬಿಗಿಸಿ, ಆಮೇಲೆ ಹಣ ಕೊಡಿ. ಹಳೆಯ ನಾಬ್, ಅದರ ಜೊತೆ ಬಂದ ಕ್ಲಿಪ್, ಸ್ಪ್ರಿಂಗ್ ಏನಿದ್ದರೂ ಒಂದು ಚೀಲದಲ್ಲಿ ಕಟ್ಟಿಸಿಕೊಂಡು ಡಿಕ್ಕಿಗೆ ಹಾಕಿಸಿಕೊಳ್ಳಿ. "ಅದನ್ಯಾಕ ಒಯ್ತೀರಿ ಬಿಡ್ರಿ ಸರ, ಗುಜರಿಗೆ ಹೋಗು ಮಾಲು" ಎಂದರೂ ಬಿಟ್ಟು ಬರಬೇಡಿ. ಗಾಡಿ ಮಾರುವ ದಿನ ಕೊಳ್ಳುವವನು ಮೊದಲು ಕೈ ಇಡುವುದು ಅಲ್ಲೇ.